ಹೊಳೆದಂಡೆಯಿಂದ ಕೊಂಡುಕುರಿಯ ಕಾಡಿಗೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ನಿಯೊಡನೆ ಕಾರಿನಲ್ಲಿ ಅಲ್ಲಿನ ಮರುಭೂಮಿಯನ್ನೂ ರಾಷ್ಟ್ರೀಯ ಉದ್ಯಾನಗಳನ್ನೂ ಸುತ್ತಿ ಬಂದು ಚಿತ್ರಗಳನ್ನು ಕಳುಹಿಸಿದ್ದ. 1913ರಲ್ಲಿ 56.7 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾದ ಡೆತ್ ವ್ಯಾಲಿಯಲ್ಲಿ ದಂಪತಿಗಳು ಬೆವರೊರೆಸಿಕೊಳ್ಳುತ್ತ ನಿಂತ ಚಿತ್ರವೂ ಅವುಗಳಲ್ಲಿತ್ತು. "ಸಾರ್, ನಮ್ಮ ಕಡೆ ಇಂಥದ್ದೇನೂ ಇಲ್ಲವಲ್ಲ" ಎಂದು ಕೆಳಗೆ ಬರೆದಿದ್ದ. ಅವನ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗಾಗಿ ಈ ಲೇಖನ.

ನಮ್ಮ ದೇಶದಲ್ಲಿ ಸುಮಾರು 3 ಕೋಟಿ 20 ಲಕ್ಷ ಹೆಕ್ಟೇರ್ ನೆಲವನ್ನು ಬಿಸಿ ಶುಷ್ಕ ಪ್ರದೇಶವೆಂದು ಗುರುತಿಸಿದ್ದಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಾಜಸ್ಥಾನದ್ದು. ಕರ್ನಾಟಕದ ಪಾಲು ನೂರಕ್ಕೆ ಮೂರರಷ್ಟು. ಅದು ಬಹುಮಟ್ಟಿಗೆ ನಮ್ಮ ಪೂರ್ವದ ಬಯಲುಸೀಮೆಯಲ್ಲಿದೆ. ಮರಳಿಲ್ಲ, ಒಂಟೆಯಿಲ್ಲ, ಆದುದರಿಂದ ನಾವು ಅದನ್ನು ಮರುಭೂಮಿ ಎನ್ನುವುದಿಲ್ಲ, 'ಬರದ ನಾಡು' ಎನ್ನುತ್ತೇವೆ. ಹೊನ್ನಾಳಿಯ ಹೊಳೆದಂಡೆಯಿಂದ ಹೊರಟವರು ಒಂದೇ ದಿನದಲ್ಲಿ ಅದರ ಅಂಚನ್ನು ಮುಟ್ಟಬಹುದು. ಕಳೆದ ಏಪ್ರಿಲಿನಲ್ಲಿ ನಾನೂ ನನ್ನ ಶ್ರೀಮತಿಯೂ ನಮ್ಮ ಹಳೆಯ ಕಾರಿನಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಹೀಗೆ ಹೋಗಿಬಂದೆವು. ನಾನು ಹೊನ್ನಾಳಿಯ ಕಡೆಯವನು, ಆಕೆಯ ತವರು ಜಗಳೂರು ತಾಲ್ಲೂಕಿನ ಹಳ್ಳಿ. ಮದುವೆಯಾದಾಗ ನಾನು ಶಿವಮೊಗ್ಗ ಜಿಲ್ಲೆಯವನು, ಆಕೆ ಚಿತ್ರದುರ್ಗ ಜಿಲ್ಲೆಯವಳು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದ ಮೇಲೆ ಸರ್ಕಾರದ ದಾಖಲೆಯಲ್ಲಿಯೂ ಒಂದಾದೆವು ಎಂದು ಮನೆಯಲ್ಲಿ ಹಾಸ್ಯ ಮಾಡುವುದುಂಟು.

ಮೊದಲು ಹೋದದ್ದು ಪೂರ್ವಕ್ಕಲ್ಲ, ನ್ಯಾಮತಿಯ ಕಡೆಗೆ. 2018ರವರೆಗೆ ಹೊನ್ನಾಳಿಗೇ ಸೇರಿದ್ದ ಈ ತಾಲ್ಲೂಕು ಅರೆಮಲೆನಾಡು. ಬೆಳಗುತ್ತಿಯ ಸಮೀಪದ ತೀರ್ಥರಾಮೇಶ್ವರದ ಗುಡ್ಡದಲ್ಲಿ ಬೇಸಗೆಯಲ್ಲಿಯೂ ತಂಪಿರುತ್ತದೆ. ಆದರೆ ಮರುಭೂಮಿಯ ಕಥೆಯೂ ಇಲ್ಲಿಂದಲೇ ಆರಂಭವಾಗಬೇಕು. ಏಕೆಂದರೆ ಲಂಬಾಣಿ ಬಂಧುಗಳ ಗುರು ಸಂತ ಸೇವಾಲಾಲರ ಜನ್ಮಸ್ಥಳವೆಂದು ದೇಶದ ನಾನಾ ಭಾಗಗಳ ಭಕ್ತರು ನಡೆದುಕೊಳ್ಳುವ ಸೂರಗೊಂಡನಕೊಪ್ಪ ಇರುವುದು ಈ ತಾಲ್ಲೂಕಿನಲ್ಲಿ. 1739ರ ಫೆಬ್ರವರಿ 15 ಅವರ ಜನ್ಮದಿನವೆಂಬುದು ಸಂಪ್ರದಾಯ. ಲಂಬಾಣಿಗರು ತಮ್ಮ ಮೂಲವನ್ನು ರಾಜಸ್ಥಾನದ ಒಣಸೀಮೆಯಲ್ಲಿ ಹೇಳಿಕೊಳ್ಳುತ್ತಾರೆ. ಸಾವಿರಾರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಹೊತ್ತು ದೆಹಲಿಯ ಸೇನೆಗಳ ಹಿಂದೆ ದಕ್ಷಿಣಕ್ಕೆ ಬಂದವರು ಅವರು. ಮುಂದೆ ಕಾರ್ನವಾಲಿಸ್, ವೆಲ್ಲೆಸ್ಲಿಯಂಥ ಇಂಗ್ಲಿಷ್ ಸೇನಾಪತಿಗಳ ದಂಡಿಗೂ ಅನ್ನ ಒದಗಿಸಿದ್ದು ಇವರ ತಾಂಡಾಗಳೇ. ರಸ್ತೆಯಿಲ್ಲದ ಕಾಲದಲ್ಲಿ ಎಲ್ಲಿ ನೀರಿದೆ, ಎಲ್ಲಿ ಮೇವಿದೆ ಎಂದು ತಿಳಿದು ದಾರಿ ಕಂಡುಕೊಂಡವರು. ರೈಲು ಬಂದ ಮೇಲೆ ಆ ವ್ಯಾಪಾರ ಕುಸಿಯಿತು. ಅನೇಕ ಕಡೆ 1871ರ ಕಾಯಿದೆಯಡಿ ಇವರಿಗೆ 'ಅಪರಾಧಿ ಬುಡಕಟ್ಟು' ಎಂಬ ಹಣೆಪಟ್ಟಿ ಹಚ್ಚಲಾಯಿತು. ಅನ್ನ ತಂದುಕೊಟ್ಟವರಿಗೆ ಸಂದ ಈ ಉಡುಗೊರೆಯ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪುಟವೂ ಇರುತ್ತಿರಲಿಲ್ಲ ಎಂಬ ಕೊರಗು ನನಗಿದೆ.

ಹಿಂದಿರುಗಿ ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ದಾಟಿದೆವು. ಹೊನ್ನಿದ್ದ ಹಳ್ಳಿಯೇ ಹೊನ್ನಾಳಿ ಎನ್ನುವುದು ವಾಡಿಕೆಯ ಮಾತು. ಕುದುರೆಕೊಂಡ, ಪಲವನಹಳ್ಳಿಗಳ ಬಳಿ 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕಂಪನಿಯವರು ಚಿನ್ನಕ್ಕಾಗಿ ಅಗೆದದ್ದಂತೂ ನಿಜ. ಕೋಲಾರದ ಭಾಗ್ಯ ಅದಕ್ಕೆ ಬರಲಿಲ್ಲ.

ಹೊಳೆ ದಾಟಿ ಬಸವಾಪಟ್ಟಣದ ಮೇಲೆ ಸೂಳೆಕೆರೆಗೆ ಬಂದಾಗ ಬಿಸಿಲೇರಿತ್ತು. ಚನ್ನಗಿರಿ ತಾಲ್ಲೂಕಿನ ಈ ಕೆರೆಯನ್ನು ನೋಡದ ನನ್ನ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಮುಂದಿನ ಸಲ ಊರಿಗೆ ಬಂದಾಗ ತಪ್ಪದೆ ನೋಡತಕ್ಕದ್ದು. ಕೆರೆಯ ನೀರು ಸುಮಾರು 27 ಚದರ ಕಿಲೋಮೀಟರ್ ಹರಡಿದೆ. ಏರಿಯ ಉದ್ದವೋ ಸಾವಿರ ಅಡಿಯನ್ನೂ ಮುಟ್ಟದು. ಎರಡು ಗುಡ್ಡಗಳ ನಡುವೆ ಹರಿದ್ರಾ ನದಿ ಹಾದುಹೋಗುವ ಇಕ್ಕಟ್ಟಾದ ಕಂಡಿಯನ್ನು ಹುಡುಕಿ ಅಲ್ಲಿಯೇ ಕಟ್ಟೆ ಕಟ್ಟಿದವರ ಕಣ್ಣಳತೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ನೀರು ಬಿಡಲು ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳು. ಕಟ್ಟೆಯಾಗಿ ಎಂಟು ಒಂಬತ್ತು ಶತಮಾನಗಳಾದುವೆಂದು ಹೇಳುತ್ತಾರೆ. ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ. ಏರಿಗೆ ಬೇಕಾದ ನೆಲ ವೇಶ್ಯೆಯರದಾಗಿತ್ತು. ಕೆರೆಗೆ ತಮ್ಮ ಹೆಸರೇ ಇರಬೇಕೆಂಬ ಷರತ್ತಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು ಎಂಬುದು ಐತಿಹ್ಯ. ಈಚಿನವರು ಮುಜುಗರಪಟ್ಟು 'ಶಾಂತಿಸಾಗರ' ಎಂದು ಹೆಸರಿಟ್ಟರು. "ನೆಲ ಕೊಟ್ಟವರ ಹೆಸರು ಹೇಳುವುದಕ್ಕೆ ಏನು ನಾಚಿಕೆ ರೀ?" ಎಂದಳು ನನ್ನಾಕೆ, ಏರಿಯ ಮೇಲೆ ಸೆರಗು ತಲೆಗೆ ಹೊದ್ದು ನಿಂತು. ನನಗೂ ಹಳೆಯ ಹೆಸರೇ ಹಿತ. ಚಿತ್ರದುರ್ಗದ ಜನ ಕುಡಿಯುವ ನೀರಿಗೆ ಈ ಕೆರೆಯನ್ನು ನೆಚ್ಚಿದ್ದಾರೆಂಬುದನ್ನು ನೆನೆದರೆ ಹೆಸರಿನ ಚರ್ಚೆ ಸಣ್ಣದಾಗಿ ಕಾಣುತ್ತದೆ.

ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಚನ್ನಗಿರಿಯಲ್ಲಿ ಕೋಟೆಯ ಬೆಟ್ಟವನ್ನು ಕೆಳಗಿನಿಂದಲೇ ನೋಡಿದೆವು, ಮೊಣಕಾಲು ಒಪ್ಪಲಿಲ್ಲ. ಟಿಪ್ಪುವಿನ ಪತನಾನಂತರ 'ಉಭಯ ಲೋಕಾಧೀಶ್ವರ' ಎಂದು ಬಿರುದು ತಳೆದು ಕಂಪನಿಯ ಸೇನೆಯನ್ನು ಊರಿಂದೂರಿಗೆ ಅಲೆಸಿದ ಧೋಂಡಿಯಾ ವಾಘ್ ಈ ಚನ್ನಗಿರಿಯವನೇ. ಅವನನ್ನು 1800ರ ಸೆಪ್ಟೆಂಬರಿನಲ್ಲಿ ಕೊನೆಗಾಣಿಸಿದ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ್ದು. ಹತ್ತನೆಯ ತರಗತಿಯಲ್ಲಿ ಇದನ್ನು ಹೇಳಿದಾಗ ಚನ್ನಗಿರಿ ಕಡೆಯ ಹುಡುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಸಂತೇಬೆನ್ನೂರಿನಲ್ಲಿ ಕೆಂಗ ಹನುಮಂತಪ್ಪ ನಾಯಕ 16ನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ನೀರಿನ ನಡುವಿನ ಆ ಮಂಟಪವನ್ನು ನೋಡುತ್ತ ಕುಳಿತಾಗ, ಪಾಳೆಯಗಾರರಿಗೆ ನೀರು ಬೇಸಾಯಕ್ಕಷ್ಟೇ ಅಲ್ಲದೆ ವಿಲಾಸಕ್ಕೂ ಸಿಗುತ್ತಿತ್ತಲ್ಲ ಎನಿಸಿತು.

ದಾವಣಗೆರೆಯಲ್ಲಿ ತಂಗಿ ಮರುದಿನ ಬೆಳಿಗ್ಗೆ ಜಗಳೂರಿನ ದಾರಿ ಹಿಡಿದೆವು. ಅಡಕೆ ತೋಟ, ಭದ್ರಾ ನಾಲೆಯ ಗದ್ದೆಗಳು ಹಿಂದಾದವು. ಬಳಿಕ ಉತ್ತ ಕೆಂಪು ನೆಲ, ಕಲ್ಲುಗುಡ್ಡ, ಜಾಲಿ. ಇಲ್ಲಿ ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆಯಾದರೆ ಒಳ್ಳೆಯ ವರ್ಷ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು, ಎಂದರೆ ಹತ್ತು ಲಕ್ಷದಷ್ಟು ಮಂದಿಯನ್ನು ಕಳೆದುಕೊಂಡಿತು. ತರಗತಿಯಲ್ಲಿ ಈ ಅಂಕಿಯನ್ನು ಹಲಗೆಯ ಮೇಲೆ ಬರೆದು ಒರೆಸಿದವನು ನಾನು. ಈ ನೆಲದ ಹೆಣ್ಣುಮಗಳಿಗೆ ಬರವೆಂದರೆ ಅಂಕಿಯಲ್ಲ. ಚಿಕ್ಕಂದಿನಲ್ಲಿ ಬೆಳಗಿನ ಜಾವ ಎದ್ದು ಸೇದುವ ಬಾವಿಯ ತಳದಲ್ಲಿ ಒರತೆ ನಿಲ್ಲುವುದನ್ನು ಕಾದು ಕೊಡ ತುಂಬಿಸಿಕೊಂಡದ್ದನ್ನು ಆಕೆ ಈಗಲೂ ಹೇಳುತ್ತಾಳೆ. "ಹೊಳೆ ಇರುವ ಊರಿಗೆ ಕೊಡುತ್ತೇನೆ, ಕೊಡ ಹೊರುವ ಊರಿಗಲ್ಲ" ಎಂದು ಮಾವನವರು ಮಧ್ಯಸ್ಥರಿಗೆ ಹೇಳಿದ್ದರಂತೆ. ನನ್ನ ಬಿ.ಎಡ್. ಪದವಿಗಿಂತ ತುಂಗಭದ್ರೆಯೇ ನನ್ನ ಯೋಗ್ಯತೆಯಾಗಿತ್ತು!

ಇಂಥ ನೀರಿಲ್ಲದ ತಾಲ್ಲೂಕಿನಲ್ಲಿಯೇ ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿ ಧಾಮವಿದೆ. 77 ಚದರ ಕಿಲೋಮೀಟರಿನ ಕುರುಚಲು ಕಾಡು. ಧಾಮವೆಂದು ಘೋಷಣೆಯಾದದ್ದು 2011ರಲ್ಲಿ. ಇದು ರಾಷ್ಟ್ರೀಯ ಉದ್ಯಾನವಲ್ಲ. ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವಂತಿಲ್ಲ, ಜನರ ಹಳೆಯ ಹಕ್ಕುಗಳೂ ಉಳಿಯುವುದಿಲ್ಲ. ಧಾಮದಲ್ಲಿ ಕೆಲವನ್ನು ಉಳಿಸಿಕೊಡಲು 1972ರ ಕಾಯಿದೆಯಲ್ಲಿ ಅವಕಾಶವಿದೆ. ಕುರಿ ಸಾಕಿ ಬದುಕುವ ಸೀಮೆಗೆ ಇದು ದೊಡ್ಡ ವ್ಯತ್ಯಾಸ. ಕೊಂಡುಕುರಿಯೆಂದರೆ ಕುರಿಯಲ್ಲ, ನಾಲ್ಕು ಕೊಂಬಿನ ಸಣ್ಣ ಜಿಂಕೆಯಂಥ ಪ್ರಾಣಿ. ಗಂಡಿಗೆ ಮಾತ್ರ ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಗಿಡ್ಡನೆಯವು ಎರಡು. ಕಾಡಿನಲ್ಲಿ ನಾಲ್ಕು ಕೊಂಬುಳ್ಳ ಬೇರೆ ಪ್ರಾಣಿ ಲೋಕದಲ್ಲಿಲ್ಲ. ಇದಿರುವುದು ಭಾರತ, ನೇಪಾಳಗಳಲ್ಲಿ ಮಾತ್ರ. ಹಿಂಡು ಕಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ಇರುವ ಸಂಕೋಚದ ಜೀವ. ನಮಗೆ ದರ್ಶನ ಕೊಡಲಿಲ್ಲ. ಜೊತೆಗೆ ಬಂದ ಕಾವಲುಗಾರ ಪೊದೆಯ ಮರೆಯಲ್ಲಿ ಹಿಕ್ಕೆಯ ಗುಡ್ಡೆಯೊಂದನ್ನು ತೋರಿಸಿದ. ದಿನವೂ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದು ಅದರ ಕ್ರಮ. ನನ್ನಾಕೆ ಅದನ್ನೇ ತೀರ್ಥಕ್ಷೇತ್ರದಲ್ಲಿ ನಿಂತಂತೆ ನೋಡಿದಳು.

ಕಂದಾಯದ ಪುಸ್ತಕಗಳು ಇಂಥ ನೆಲವನ್ನು ನೂರೈವತ್ತು ವರ್ಷ 'ಬಂಜರು', 'ಖರಾಬು' ಎಂದು ಬರೆದುಕೊಂಡು ಬಂದವು. ಯಾರಿಗೂ ಬೇಡವಾದ ಗುಡ್ಡವಾದುದರಿಂದಲೇ ಕೊಂಡುಕುರಿ ಇಲ್ಲಿ ಉಳಿಯಿತೆಂದು ನನ್ನ ಭಾವನೆ. ಈಗ ಕಾಲ ಬದಲಾಗುತ್ತಿದೆ. ತುಂಗಭದ್ರೆಯ ನೀರನ್ನು ಹರಿಹರದ ಕಡೆಯಿಂದ ಎತ್ತಿ ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆಯಿದೆ. ಭದ್ರಾ ಮೇಲ್ದಂಡೆಯ ಪಟ್ಟಿಯಲ್ಲಿಯೂ ಜಗಳೂರು ಸೇರಿದೆ. ಅದಕ್ಕೆ 5,300 ಕೋಟಿ ರೂಪಾಯಿಗಳನ್ನು ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ಘೋಷಿಸಿತು. ಹೊನ್ನಾಳಿಯಲ್ಲಿ ನಾವು ದಾಟಿದ ಹೊಳೆ ಕೊಳವೆಯೊಳಗೆ ಇಲ್ಲಿಗೆ ಏರಿ ಬರುವುದೆಂದರೆ ನನ್ನಾಕೆಯ ತವರಿನವರಿಗೆ ಹಬ್ಬವೇ ಸರಿ, ಆಗಲೂ ಬೇಕು. ಆದರೆ ದಾರಿಯುದ್ದಕ್ಕೂ ಹೊಸ ಅಡಕೆ ಸಸಿಗಳನ್ನು ಕಂಡು ನನಗೆ ಅಳುಕಾಯಿತು. ಜೋಳ, ಶೇಂಗಾ ಬೆಳೆದ ನೆಲ ಅಡಕೆಗೆ ತಿರುಗಿದರೆ ಕೆರೆಗೆ ಬಂದ ನೀರು ಎಷ್ಟು ವರ್ಷ ಸಾಕಾದೀತು? ಗುಡ್ಡದ ಬುಡದ ಖರಾಬು ಅಷ್ಟೂ ದಿನ ಖರಾಬಾಗಿಯೇ ಉಳಿದೀತೆ?

ಮರಳುವಾಗ ಕಾಡಿನಂಚಿನಲ್ಲಿ ತಟ್ಟೆಯಾಕಾರದ ಸಿಮೆಂಟಿನ ತೊಟ್ಟಿಯೊಂದು ಕಂಡಿತು. ಬೇಸಗೆಯಲ್ಲಿ ಪ್ರಾಣಿಗಳಿಗೆಂದು ಟ್ಯಾಂಕರಿನಲ್ಲಿ ನೀರು ತಂದು ತುಂಬುತ್ತೇವೆ, ಕೊಂಡುಕುರಿಗೆ ನೀರು ಬೇಕೇ ಬೇಕು ಎಂದ ಕಾವಲುಗಾರ. "ಆ ನೀರು ಎಲ್ಲಿಂದಪ್ಪ ತರ್ತೀರಿ?" ಎಂದು ಕೇಳಿದಳು ನನ್ನಾಕೆ.

"ಬೋರಿಂದಮ್ಮ" ಎಂದ ಆತ. "ಇನ್ನೂರಡಿಗೆ ಸಿಗ್ತಿತ್ತು, ಈಗ ಆರುನೂರಾಗಿದೆ."