ಗೋಷ್ಠಿಗಳ ಪಟ್ಟಿಯಲ್ಲಿ ಸಮ್ಮೇಳನದ ಚರಿತ್ರೆ

ಕನ್ನಡ ಸಾಹಿತ್ಯ ಸಮ್ಮೇಳನದ ಚರಿತ್ರೆಯನ್ನು ಅಧ್ಯಕ್ಷರ ಹೆಸರುಗಳ ಮೂಲಕ ಹೇಳುವ ವಾಡಿಕೆಯಿದೆಯಾದರೂ, ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗುವ ಗೋಷ್ಠಿಗಳ ಪಟ್ಟಿಯು ಆಯಾ ಕಾಲದ ಕನ್ನಡ ಸಮಾಜ ಯಾವುದನ್ನು ಚರ್ಚೆಗೆ ಅರ್ಹವೆಂದು ಎಣಿಸಿತ್ತೆಂಬುದನ್ನು ಇನ್ನೂ ಸ್ಪಷ್ಟವಾಗಿ ತಿಳಿಸುತ್ತದೆ.

1915ರ ಮೇ ತಿಂಗಳಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ಮೊದಲ ಸಮ್ಮೇಳನ ಸೇರಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾದಾಗ, ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಆದ್ದರಿಂದ ಎಲ್ಲ ಪ್ರಾಂತಗಳಿಗೂ ಒಪ್ಪುವ ಗ್ರಂಥಭಾಷೆ, ಅಂದರೆ ಬರವಣಿಗೆಯ ಸಮಾನ ಕನ್ನಡವನ್ನು ರೂಪಿಸುವುದೇ ಆಗಿನ ಮುಖ್ಯ ಕಾಳಜಿಯಾಗಿತ್ತು. 1918ರಲ್ಲಿ ಧಾರವಾಡ, 1927ರಲ್ಲಿ ಮಂಗಳೂರು, 1928ರಲ್ಲಿ ಕಲಬುರಗಿ ಎಂದು ಸಮ್ಮೇಳನವು ಊರಿಂದೂರಿಗೆ ಸಾಗಿದ್ದರಿಂದ ಏಕೀಕರಣದ ಭಾವನೆಯೂ ಬಲಗೊಂಡಿತು.

ಕಾಲಕ್ರಮದಲ್ಲಿ ಗೋಷ್ಠಿಗೆ ಒಂದು ಚೌಕಟ್ಟು ರೂಢವಾಯಿತು. ವಿಷಯದ ಉದ್ದೇಶವನ್ನು ತಿಳಿಸುವ ಆಶಯ ನುಡಿ, ಇಬ್ಬರು ಮೂವರ ವಿಷಯ ಮಂಡನೆ, ಕೊನೆಗೆ ಅಧ್ಯಕ್ಷರ ಮಾತು ಒಂದಾದ ಮೇಲೊಂದು ಬರುತ್ತವೆ. ಎಲ್ಲ ಗೋಷ್ಠಿಗಳು ಮುಗಿದ ಮೇಲೆ ನಿರ್ಣಯಗಳನ್ನು ಅಂಗೀಕರಿಸುವ ಬಹಿರಂಗ ಅಧಿವೇಶನ ನಡೆಯುತ್ತದೆ. ಸಮಯ ಮಿತವಾಗಿರುವುದರಿಂದ ಒಂದು ವಿಷಯಕ್ಕೆ ಎಡೆ ಕೊಟ್ಟರೆ ಇನ್ನೊಂದನ್ನು ಕೈಬಿಡಬೇಕಾಗುತ್ತದೆ. ಪಟ್ಟಿ ಸಿದ್ಧಪಡಿಸುವವರ ಹೊಣೆ ಭಾರವಾಗುವುದು ಇಲ್ಲಿಯೇ.

ಆ ಹೊಣೆಯ ತೂಕ 1979ರಲ್ಲಿ ನಾಡಿಗೇ ತಿಳಿಯಿತು. ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಇರಬೇಕೆಂದು ಲೇಖಕ ಚೆನ್ನಣ್ಣ ವಾಲೀಕಾರರು ಮುಂದಿಟ್ಟ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ಇದನ್ನು ಪ್ರತಿಭಟಿಸಿದ ಲೇಖಕರು ಅದೇ ವರ್ಷದ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಸಿದರು. ಪಟ್ಟಿಯಲ್ಲಿ ಸೇರದ ಒಂದು ಗೋಷ್ಠಿ ಹೀಗೆ ಸಾಹಿತ್ಯ ಚಳವಳಿಯೊಂದಕ್ಕೆ ಕಾರಣವಾಯಿತು. ಮುಂದಿನ ದಶಕಗಳಲ್ಲಿ ದಲಿತ ಸಾಹಿತ್ಯವೂ ಮಹಿಳಾ ಸಾಹಿತ್ಯವೂ ಸಮ್ಮೇಳನದ ಗೋಷ್ಠಿಗಳ ವಿಷಯವಾದವು.

2023ರ ಜನವರಿಯ ಹಾವೇರಿ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರಿಗೆ ತಕ್ಕ ಪ್ರಾತಿನಿಧ್ಯ ದೊರೆತಿಲ್ಲವೆಂಬ ಆಕ್ಷೇಪವೆದ್ದು, ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ಸೇರಿದಾಗಲೂ, ಪಟ್ಟಿಯಲ್ಲಿ ಯಾರಿಗೆ ಎಡೆ ಎಂಬ ಅದೇ ಪ್ರಶ್ನೆ ಮರಳಿತು. ಪ್ರಾಂತಗಳಲ್ಲಿ ಚದುರಿದ್ದ ಕನ್ನಡಿಗರನ್ನು ಒಂದೆಡೆ ಕೂಡಿಸಲು ಹುಟ್ಟಿದ ಸಮ್ಮೇಳನವು ತನ್ನ ಮೂಲ ಉದ್ದೇಶಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿದೆಯೆಂಬುದನ್ನು, ಪ್ರತಿ ಸಲ ಅಚ್ಚಾಗುವ ಗೋಷ್ಠಿಗಳ ಪಟ್ಟಿಯೇ ಹೇಳಬೇಕು.