ದುಬಿನಾದ ಕಬ್ಬಿಣದ ಶಿಲುಬೆ

ಅಮೆರಿಕದ ಟೆಕ್ಸಸ್ ರಾಜ್ಯದ ದುಬಿನಾ ಈಗ ಊರು ಎನ್ನುವಷ್ಟು ದೊಡ್ಡದಾಗಿಲ್ಲ. ಒಂದು ಚರ್ಚು, ಒಂದು ಸಭಾಭವನ, ಸ್ಮಶಾನ, ಸುತ್ತ ದನ ಮೇಯುವ ಹುಲ್ಲುಗಾವಲು, ಓಕ್ ಮರಗಳು. ಅಂಗಡಿ ಬೇಕೆಂದರೆ ಶುಲೆನ್‌ಬರ್ಗಿಗೋ ವೈಮಾರಿಗೋ ಹೋಗಬೇಕು. ಫಯೆಟ್ ಕೌಂಟಿಯ ಈ ಸೀಮೆಯಲ್ಲಿ ಚೆಕ್ ಮತ್ತು ಜರ್ಮನ್ ವಲಸಿಗರು ಕಟ್ಟಿದ, ಒಳಗೋಡೆಯ ತುಂಬ ಚಿತ್ತಾರವಿರುವ ಚರ್ಚುಗಳು ಹಲವಾರಿವೆ. ಹೂಸ್ಟನ್ನಿನಿಂದ ಬರುವವರು ಕಾರು ಇಳಿದವರೇ ಸೀದಾ ಬಾಗಿಲು ತೆರೆದು ಒಳಗೆ ಹೋಗುತ್ತಾರೆ. ನಾನು ಹಾಸನ ಕಡೆಯ ಕಮ್ಮಾರನ ಮಗ. ಹೂಸ್ಟನ್ನಿಗೆ ಬಂದು ನೆಲೆಸಿ ಎಷ್ಟು ಕಾಲವಾದರೂ ಕಬ್ಬಿಣ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಹಾಗಾಗಿ ದುಬಿನಾದಲ್ಲಿ ನಾನು ಮೊದಲು ನೋಡಿದ್ದು ಗೋಪುರದ ತುದಿಯ ಶಿಲುಬೆಯನ್ನು.

ಈ ಊರಿನ ಕಥೆ 1856ರಲ್ಲಿ ಶುರುವಾಗುತ್ತದೆ. ಇದನ್ನು ಕಟ್ಟಿದ ಚೆಕ್ಕರ ತವರು ಮೊರಾವಿಯಾ ಆಗ ಆಸ್ಟ್ರಿಯಾದ ದೊರೆಯ ಕೈಕೆಳಗಿತ್ತು. ಜಮೀನ್ದಾರನಿಗೆ ಮಾಡಬೇಕಿದ್ದ ಬಿಟ್ಟಿ ದುಡಿಮೆ 1848ರಲ್ಲಿ ನಿಂತಿತ್ತು, ನಿಜ. ಆದರೆ ಹೊಲಗಳು ಪಾಲಾಗಿ ಪಾಲಾಗಿ ತುಂಡಾಗಿದ್ದವು. ಗಿರಣಿ ಬಟ್ಟೆಯ ಮುಂದೆ ಕೈಮಗ್ಗ ಸೋಲುತ್ತಿತ್ತು. ಗಂಡುಮಕ್ಕಳನ್ನು ವರ್ಷಗಟ್ಟಲೆ ಸೈನ್ಯಕ್ಕೆ ಎಳೆದೊಯ್ಯುತ್ತಿದ್ದರು. 1850ರಲ್ಲಿ ಟೆಕ್ಸಸ್ಸಿನ ಕ್ಯಾಟ್ ಸ್ಪ್ರಿಂಗಿಗೆ ಬಂದು ನೆಲೆಸಿದ್ದ ಜೋಸೆಫ್ ಅರ್ನೋಶ್ಟ್ ಬರ್ಗ್‌ಮನ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿ, ಇಲ್ಲಿ ಭೂಮಿ ಧಾರಾಳವಾಗಿದೆ ಎಂದು ಕಾಗದ ಬರೆಯುತ್ತಿದ್ದ. ಆ ಕಾಗದಗಳು ಊರಿಂದೂರಿಗೆ ಕೈದಾಟಿದವು. 1851ರಲ್ಲಿ ಹೊರಟ ಮೊದಲ ದೊಡ್ಡ ತಂಡದಲ್ಲಿ ಬಹಳ ಜನ ದಾರಿಯಲ್ಲೂ ಬಂದ ಮೇಲೂ ಸತ್ತರು. ಆದರೂ ಹೊರಡುವವರು ನಿಲ್ಲಲಿಲ್ಲ.

ಜೋಸೆಫ್ ಪೀಟರ್, ವ್ಯಾಲೆಂಟಿನ್ ಹೈದುಶೆಕ್ ಮೊದಲಾದವರ ಕುಟುಂಬಗಳು ಗ್ಯಾಲ್ವೆಸ್ಟನ್ ಬಂದರಿನಲ್ಲಿ ಇಳಿದು, ಎತ್ತಿನ ಗಾಡಿಗಳಲ್ಲಿ ಒಳನಾಡಿಗೆ ಬಂದವು. ಇವರು ಈ ಜಾಗ ತಲುಪಿದ ದಿನ ಹಿಮ ಬೆರೆತ ಮಳೆ ಸುರಿಯುತ್ತಿತ್ತು. ತಲೆಯ ಮೇಲೆ ಸೂರಿಲ್ಲ. ಓಕ್ ಮರಗಳ ಗುಂಪೊಂದರ ಕೆಳಗೆ ಮಕ್ಕಳುಮರಿ ಕಟ್ಟಿಕೊಂಡು ರಾತ್ರಿ ಕಳೆದರು. ಆ ತೋಪಿನಿಂದಲೇ ಊರಿಗೆ ಹೆಸರು ಬಂತು; ಚೆಕ್ ಭಾಷೆಯಲ್ಲಿ ದುಬಿನಾ ಎಂದರೆ ಓಕ್ ತೋಪು. ಹತ್ತಿ ಬಿತ್ತಿದರು, ಮುಸುಕಿನ ಜೋಳ ಬಿತ್ತಿದರು. ಸ್ವಂತ ಚರ್ಚು ಕಟ್ಟುವಷ್ಟರಲ್ಲಿ ಇಪ್ಪತ್ತು ವರ್ಷ ದಾಟಿತ್ತು. 1877ರಲ್ಲಿ ಮರದ ಚರ್ಚು ಎದ್ದಿತು. ಒಂಬತ್ತನೇ ಶತಮಾನದಲ್ಲಿ ಮೊರಾವಿಯಾದಲ್ಲಿ ಕ್ರೈಸ್ತ ಧರ್ಮ ಬೋಧಿಸಿದ ಅಣ್ಣತಮ್ಮಂದಿರು, ಸಂತ ಸಿರಿಲ್ ಮತ್ತು ಸಂತ ಮೆಥೋಡಿಯಸ್, ಅವರ ಹೆಸರನ್ನೇ ಅದಕ್ಕಿಟ್ಟರು.

ಅದರ ನೆತ್ತಿಯ ಮೇಲೆ ನಿಲ್ಲಿಸಿದ ಕಬ್ಬಿಣದ ಶಿಲುಬೆಯನ್ನು ಮಾಡಿಕೊಟ್ಟವನು ಚೆಕ್ ಮನುಷ್ಯನಲ್ಲ. ಅವನು ಟಾಮ್ ಲೀ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನಾಂಗದ ಕಮ್ಮಾರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ವಲಸಿಗರು ಬಂದಿಳಿದದ್ದು ಖಾಲಿ ನಾಡಿಗಲ್ಲ, ಗುಲಾಮರ ಬೆವರಿನಲ್ಲಿ ಹತ್ತಿ ಬೆಳೆಯುತ್ತಿದ್ದ ನಾಡಿಗೆ. 1860ರಲ್ಲಿ ಫಯೆಟ್ ಕೌಂಟಿಯ ಜನರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗುಲಾಮರು. ಅಂತರ್ಯುದ್ಧ ಬಂದಾಗ ಅನೇಕ ಚೆಕ್ ಯುವಕರು ಸೈನ್ಯಕ್ಕೆ ಸೇರದೆ ತಲೆಮರೆಸಿಕೊಂಡರು. ಆದರೆ ವ್ಯಾಲೆಂಟಿನ್ ಹೈದುಶೆಕ್‌ನ ಮಗ ಆಗಸ್ಟಿನ್ ದಕ್ಷಿಣದವರ ಸೈನ್ಯದಲ್ಲಿದ್ದ. ಮುಂದೆ ಅವನು ವಕೀಲನಾದ, ಲಾ ಗ್ರೇಂಜ್ ಪಟ್ಟಣದ ಮೇಯರ್ ಆದ, ಚೆಕ್ ಪತ್ರಿಕೆ ನಡೆಸಿದ. ಅವನ ವಿಷಯ ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತದೆ.

1865ರ ಜೂನ್ 19ರಂದು ಟೆಕ್ಸಸ್ಸಿನ ಗುಲಾಮರಿಗೆ ಬಿಡುಗಡೆಯಾಗಿದೆ ಎಂಬ ಆಜ್ಞೆ ಹೊರಟದ್ದು ಗ್ಯಾಲ್ವೆಸ್ಟನ್ನಿನಿಂದ, ದುಬಿನಾದವರು ಹಡಗಿಳಿದ ಅದೇ ಊರಿನಿಂದ. ಬಿಡುಗಡೆಯಾದವರಿಗೆ ಭೂಮಿ ಸಿಗಲಿಲ್ಲ. ಹೆಚ್ಚಿನವರು ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿದರು. ಕೈಕಸಬು ಗೊತ್ತಿದ್ದವನ ಸ್ಥಿತಿ ಅಷ್ಟರಮಟ್ಟಿಗೆ ಬೇರೆ. ಗುಲಾಮಗಿರಿಯ ಕಾಲದಲ್ಲಿ ಕಮ್ಮಾರನನ್ನು ಬಾಡಿಗೆಗೆ ಕಳಿಸಿ, ಅವನ ಸುತ್ತಿಗೆಯ ಕೂಲಿಯನ್ನು ಒಡೆಯರು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬಿಡುಗಡೆಯ ಮೇಲೆ ಆ ಕೂಲಿ ಕಮ್ಮಾರನದೇ. ಗಾಡಿ ಚಕ್ರಕ್ಕೆ ಪಟ್ಟಿ, ಕುದುರೆಗೆ ಲಾಳ, ನೇಗಿಲಿಗೆ ಗುಳ, ಇವಿಲ್ಲದೆ ಯಾವ ಭಾಷೆಯ ರೈತನೂ ಬದುಕಲಾರ.

ನಮ್ಮಪ್ಪ ಇದನ್ನೆಲ್ಲ ಆಯಕ್ಕೆ ಮಾಡುತ್ತಿದ್ದ. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ರಾಗಿ ಅಳೆಸಿಕೊಂಡು ಬರುತ್ತಿದ್ದ. ಊರ ತೇರಿನ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕಿದವನೂ ಅವನೇ. ತೇರು ಮಾಡಿಸಿದವರ ಹೆಸರು ಕಲ್ಲಿನ ಮೇಲಿದೆ, ಅವನ ಹೆಸರಿಲ್ಲ. ದುಬಿನಾದಲ್ಲಿ ಕಮ್ಮಾರನ ಹೆಸರು ಉಳಿದುಬಂದಿದೆಯಲ್ಲ, ಅದಕ್ಕೆ ನಾನು ಆ ಊರಿನವರಿಗೆ ಕೈಮುಗಿಯುತ್ತೇನೆ.

1909ರ ಜುಲೈಯಲ್ಲಿ ಕಡಲಿನಿಂದ ಎದ್ದ ಚಂಡಮಾರುತ ದುಬಿನಾದ ಮೊದಲ ಚರ್ಚನ್ನು ಕೆಡವಿತು. ಪಕ್ಕದ ಅಮನ್ಸ್‌ವಿಲ್ ಚರ್ಚೂ ಆ ಗಾಳಿಗೇ ಹೋಯಿತು. ಊರಿನ ಬಲ ಅಷ್ಟು ಹೊತ್ತಿಗೆ ಕುಗ್ಗಿತ್ತು. 1873ರಲ್ಲೇ ರೈಲು ದಾರಿ ದುಬಿನಾವನ್ನು ಬಿಟ್ಟು ಶುಲೆನ್‌ಬರ್ಗ್, ವೈಮಾರ್ ಮೂಲಕ ಹೋಗಿತ್ತು, ವ್ಯಾಪಾರವೂ ಅದರ ಹಿಂದೆ ಹೋಯಿತು. ಇಷ್ಟಾದರೂ ಜನ ಮತ್ತೆ ಕಟ್ಟಿದರು. ಸ್ಯಾನ್ ಆಂಟೋನಿಯೋದ ವಾಸ್ತುಶಿಲ್ಪಿ ಲಿಯೋ ಡೀಲ್‌ಮನ್ ನಕ್ಷೆ ಹಾಕಿದ. 1912ಕ್ಕೆ ಹೊಸ ಚರ್ಚು ಸಿದ್ಧವಾಯಿತು. ಬೇಕಿದ್ದರೆ ಹೊಸ ಶಿಲುಬೆ ತರಿಸಬಹುದಿತ್ತು. ಬಿದ್ದ ಚರ್ಚಿನಿಂದ ಉಳಿದ ಟಾಮ್ ಲೀಯ ಶಿಲುಬೆಯನ್ನೇ ಮತ್ತೆ ಮೇಲೇರಿಸಿದರು.

ಒಳಗಿನ ಚಿತ್ತಾರದ ಬಗ್ಗೆಯೂ ಒಂದು ಮಾತು. ನೀಲಿ ಚಾವಣಿ, ಅದರ ತುಂಬ ನಕ್ಷತ್ರ, ಗೋಡೆಗೆ ಸ್ಟೆನ್ಸಿಲ್ ಇಟ್ಟು ಬರೆದ ಬಳ್ಳಿ. 1950ರ ದಶಕದಲ್ಲಿ ಇದೆಲ್ಲದರ ಮೇಲೆ ಬಿಳಿ ಬಣ್ಣ ಬಳಿದುಬಿಟ್ಟರು. 1980ರ ದಶಕದಲ್ಲಿ ಊರವರೇ ಹಳೆಯ ಗುರುತು ಹುಡುಕಿ, ವಿನ್ಯಾಸವನ್ನು ಮತ್ತೆ ಬರೆದರು. 1983ರಲ್ಲಿ ಈ ಸೀಮೆಯ ಬಣ್ಣದ ಚರ್ಚುಗಳ ಜತೆ ದುಬಿನಾವೂ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು.

ಚೆಕ್ಕರು ಕಟ್ಟಿದ ಚರ್ಚು ಎಂದು ಎಲ್ಲರೂ ಹೇಳುತ್ತಾರೆ. ಕಟ್ಟಿದ್ದು ಅವರೇ, ಅನುಮಾನವಿಲ್ಲ. ಆದರೆ 1877ರ ಆ ಚರ್ಚಿನಿಂದ ಇಂದಿಗೂ ಗೋಪುರದ ಮೇಲೆ ನಿಂತಿರುವುದು ಒಬ್ಬ ಕಪ್ಪು ಕಮ್ಮಾರನ ಕೆಲಸ. ಹೂಸ್ಟನ್, ಆಸ್ಟಿನ್ ಕಡೆ ಇರುವ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಒಮ್ಮೆ ದುಬಿನಾಕ್ಕೆ ಹೋಗಿ. ಒಳಗೆ ಕಾಲಿಡುವ ಮೊದಲು ತಲೆಯೆತ್ತಿ ಶಿಲುಬೆ ತೋರಿಸಿ. ಪೀಟರ್, ಹೈದುಶೆಕ್ ಹೆಸರುಗಳ ಜತೆಗೆ ಟಾಮ್ ಲೀ ಹೆಸರನ್ನೂ ಹೇಳಿಕೊಡಿ.