ಕೆಂಪು ಹಿಡಿಯ ಅಗ್ಗದ ಚಾಕು

ಕಾಡಿನಲ್ಲಿ ನಾಲ್ಕು ದಿನ ಡೇರೆ ಹಾಕಿ ಉಳಿಯಲು ಹೊರಟವರು ಒಂದು ಒಳ್ಳೆಯ ಚಾಕು ಬೇಕೆಂದು ಹುಡುಕತೊಡಗಿದರೆ ಮೊದಲು ಕಣ್ಣಿಗೆ ಬೀಳುವುದು ಭಯ ಹುಟ್ಟಿಸುವಂಥ ಚಾಕುಗಳೇ. ಗೇಣುದ್ದದ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಮೈತುಂಬ ಕಪ್ಪು ಬಣ್ಣ. ಇವುಗಳ ನಡುವೆ ಎಲ್ಲೋ ಮೂಲೆಯಲ್ಲಿ, ಅಡುಗೆಮನೆಯಿಂದ ತಪ್ಪಿಸಿಕೊಂಡು ಬಂದಂತೆ ಕಾಣುವ ಒಂದು ಸಣ್ಣ ಚಾಕು ಇರುತ್ತದೆ. ನಾಲ್ಕಂಗುಲದ ಸಾದಾ ಅಲಗು. ಕೆಂಪು ಬಣ್ಣ ಬಳಿದ ಮರದ ಹಿಡಿ, ಇಲ್ಲವೇ ಪ್ಲಾಸ್ಟಿಕ್ ಹಿಡಿ. ಅಮೆರಿಕದ ಅಂಗಡಿಗಳಲ್ಲಿ ಇದರ ಬೆಲೆ ಇಪ್ಪತ್ತು ಡಾಲರಿನ ಆಸುಪಾಸು. ಬೆಲೆ ನೋಡಿ ಇದನ್ನು ಕಡೆಗಣಿಸುವವರೇ ಹೆಚ್ಚು. ಆದರೆ ಕಾಡಿನ ವಿದ್ಯೆಯನ್ನು ಜೀವನವಿಡೀ ಕಲಿಸಿದ ಕೆಲವರು ಶಿಷ್ಯರ ಕೈಗಿತ್ತದ್ದು ಈ ಚಾಕುವನ್ನೇ. ಸ್ವೀಡನ್ ದೇಶದ ಮೊರಾ ಊರಿನ ಚಾಕು ಅದು.

ಚಾಕುಗಳಲ್ಲಿ ಎರಡು ಜಾತಿ. ಅಲಗನ್ನು ಹಿಡಿಯೊಳಗೆ ಮಡಚಿಡಬಹುದಾದದ್ದು ಒಂದು. ಮಡಚಲಾಗದ, ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು ಇನ್ನೊಂದು. ಮಡಚುವ ಚಾಕು ಜೇಬಿಗೆ ಹಿತ. ಆದರೆ ಅದರ ದುರ್ಬಲ ಜಾಗ ಕೀಲು. ಒದ್ದೆ ಸೌದೆಯನ್ನು ಸೀಳುವಾಗ, ಗೂಟ ಚೂಪು ಮಾಡುವಾಗ ಬೀಳುವ ಒತ್ತಡವೆಲ್ಲ ಆ ಒಂದು ಮೊಳೆಯ ಮೇಲೆಯೇ. ಕೀಲು ಸಡಿಲಗೊಂಡು ಅಲಗು ಬೆರಳಿನ ಮೇಲೆ ಮಡಚಿಕೊಂಡರೆ ಆಸ್ಪತ್ರೆ ಹತ್ತು ಹರದಾರಿ ದೂರವಿರುತ್ತದೆ. ಆದ್ದರಿಂದ ಕಾಡಿನ ಕೆಲಸಕ್ಕೆ ಮಡಚದ ಚಾಕುವೇ ಸರಿ ಎಂಬುದರಲ್ಲಿ ಬಲ್ಲವರಿಗೆ ಭಿನ್ನಾಭಿಪ್ರಾಯವಿಲ್ಲ. ಜಗಳವಿರುವುದು ಅದು ಎಷ್ಟು ದೊಡ್ಡದಿರಬೇಕು, ಎಷ್ಟು ಬೆಲೆಯದಿರಬೇಕು ಎಂಬಲ್ಲಿ. ಈ ಜಗಳಕ್ಕೆ ಇನ್ನೂರು ವರ್ಷಗಳ ಚರಿತ್ರೆಯಿದೆ.

ಅದು ಅಮೆರಿಕದಲ್ಲಿ ಆರಂಭವಾಯಿತು ಎನ್ನಬಹುದು. 1827ರಲ್ಲಿ ಮಿಸಿಸಿಪ್ಪಿ ನದಿಯ ಮರಳದಿಬ್ಬವೊಂದರಲ್ಲಿ ನಡೆದ ಹೊಡೆದಾಟದಲ್ಲಿ ಜೇಮ್ಸ್ ಬೋವಿ ಎಂಬಾತ ಗುಂಡೇಟು, ಇರಿತಗಳನ್ನು ತಿಂದೂ ದೊಡ್ಡ ಚಾಕುವೊಂದರಿಂದ ಎದುರಾಳಿಯನ್ನು ಕೊಂದು ಬದುಕಿ ಉಳಿದ. ಪತ್ರಿಕೆಗಳು ಈ ಸುದ್ದಿಯನ್ನು ಊರೂರಿಗೂ ಹರಡಿದವು. 1836ರಲ್ಲಿ ಆತ ಅಲಾಮೊ ಕೋಟೆಯಲ್ಲಿ ಸತ್ತ ಮೇಲಂತೂ ಬೋವಿ ಚಾಕು ಇಲ್ಲದ ಗಂಡಸು ಗಂಡಸೇ ಅಲ್ಲ ಎಂಬಂತಾಯಿತು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಚಾಕು ತಯಾರಕರು ಅಮೆರಿಕಕ್ಕೆಂದೇ ಇಂಥವನ್ನು ರಾಶಿರಾಶಿಯಾಗಿ ಮಾಡಿ ಹಡಗಿಗೇರಿಸಿದರು. ತಮಾಷೆಯೆಂದರೆ, ಆ ಹೊಡೆದಾಟದ ಚಾಕು ಬೇಟೆಯ ಕೆಲಸಕ್ಕೆಂದು ಮಾಡಿಸಿದ ಸಾದಾ ಚಾಕುವಾಗಿತ್ತೆಂದು ಬೋವಿಯ ಅಣ್ಣ ರೆಜಿನ್ 1838ರಲ್ಲಿ ಬರೆದಿದ್ದಾನೆ. ಅದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಇದಕ್ಕೆ ಎದುರಾಗಿ ದನಿಯೆತ್ತಿದವನು ಪೆನ್ಸಿಲ್ವೇನಿಯದ ಒಬ್ಬ ಕುಳ್ಳ ಮನುಷ್ಯ. ಹೆಸರು ಜಾರ್ಜ್ ವಾಷಿಂಗ್ಟನ್ ಸಿಯರ್ಸ್. ಬರೆಯುತ್ತಿದ್ದುದು ‘ನೆಸ್ಮಕ್’ ಎಂಬ ಕಾವ್ಯನಾಮದಲ್ಲಿ. ಕಸುಬಿನಿಂದ ಚಮ್ಮಾರ, ಆರೋಗ್ಯ ಅಷ್ಟಕ್ಕಷ್ಟೆ. 1880ರ ದಶಕದ ಮೊದಲ ವರ್ಷಗಳಲ್ಲಿ ಆತ ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಬೆಟ್ಟಗಳ ಕೆರೆಗಳಲ್ಲಿ ಒಬ್ಬನೇ ದೋಣಿ ನಡೆಸಿಕೊಂಡು ಅಲೆದ. ಅದರಲ್ಲೊಂದು ದೋಣಿಯ ತೂಕ ಕೇವಲ ಹತ್ತೂವರೆ ಪೌಂಡು! ಹೊರುವ ಪ್ರತಿಯೊಂದು ವಸ್ತುವನ್ನೂ ತೂಗಿ ನೋಡುತ್ತಿದ್ದ ಇಂಥವನಿಗೆ ದಪ್ಪ ಬೆನ್ನಿನ ಭಾರದ ಚಾಕು ಕಂಡರೆ ಆಗುತ್ತಿರಲಿಲ್ಲ. 1884ರಲ್ಲಿ ಪ್ರಕಟವಾದ ‘ವುಡ್‌ಕ್ರಾಫ್ಟ್’ ಪುಸ್ತಕದಲ್ಲಿ ಅಂಗಡಿಯ ಆಡಂಬರದ ಬೇಟೆ ಚಾಕುಗಳನ್ನು ಆತ ಗೇಲಿ ಮಾಡಿದ. ಸಣ್ಣದೊಂದು ಕೊಡಲಿ, ತೆಳು ಅಲಗಿನ ಒರೆಚಾಕು, ಜೇಬಿಗೊಂದು ಮಡಚುವ ಚಾಕು, ಇವು ಮೂರಿದ್ದರೆ ಸಾಕು ಎಂಬುದು ಅವನ ಲೆಕ್ಕ. ಕಡಿಯುವುದು ಕೊಡಲಿಯ ಕೆಲಸ. ಚಾಕುವಿನ ಕೆಲಸ ಕೊಯ್ಯುವುದು, ಹೆರೆಯುವುದು. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಿದಾಗಲೇ ಚಾಕು ದಪ್ಪಗಾಗುತ್ತದೆ, ದುಬಾರಿಯಾಗುತ್ತದೆ, ಎರಡೂ ಕೆಲಸಕ್ಕೆ ಬಾರದಂತಾಗುತ್ತದೆ.

ಇದೇ ಮಾತನ್ನು ಮುಂದುವರಿಸಿದವನು ಹೊರೇಸ್ ಕೆಫಾರ್ಟ್. ಸೇಂಟ್ ಲೂಯಿಸ್ ನಗರದಲ್ಲಿ ಗ್ರಂಥಪಾಲನಾಗಿದ್ದವನು ಎಲ್ಲವನ್ನೂ ಬಿಟ್ಟು 1904ರಲ್ಲಿ ಗ್ರೇಟ್ ಸ್ಮೋಕಿ ಬೆಟ್ಟಗಳಿಗೆ ಹೋಗಿ ನೆಲೆಸಿದ. 1906ರಲ್ಲಿ ಶಿಬಿರವಾಸದ ಬಗ್ಗೆ ಆತ ಬರೆದ ಪುಸ್ತಕ ಆ ವಿಷಯದ ಪಠ್ಯವೆನಿಸಿತು. ಅವನು ಮೆಚ್ಚಿದ ಚಾಕುವೂ ಅಡುಗೆಯ ಚಾಕುವಿನ ದಾಯಾದಿಯೇ: ನೇರ ಬೆನ್ನು, ನಾಲ್ಕೂವರೆ ಅಂಗುಲದ ಅಲಗು, ಕೈಗೆ ಒತ್ತದ ಸಾದಾ ಹಿಡಿ. ಇಂದು ‘ನೆಸ್ಮಕ್’, ‘ಕೆಫಾರ್ಟ್’ ಎಂಬ ಹೆಸರುಗಳಲ್ಲೇ ಭಾರಿ ಬೆಲೆಯ ಚಾಕುಗಳು ಮಾರಾಟವಾಗುತ್ತವೆ. ಆಡಂಬರವನ್ನು ಹಳಿದವರ ಹೆಸರೇ ಆಡಂಬರಕ್ಕೆ ಬಳಕೆಯಾಗುವುದು ಹೊಸತೇನಲ್ಲ.

ಅಮೆರಿಕದಲ್ಲಿ ಪುಸ್ತಕ ಬರೆದು ವಾದಿಸಬೇಕಾಗಿದ್ದ ಸಂಗತಿ ಸ್ವೀಡನ್ನಿನಲ್ಲಿ ವಾದವೇ ಆಗಿರಲಿಲ್ಲ. ಅಲ್ಲಿನ ಬಡತನ ಅದನ್ನು ಆಗಲೇ ತೀರ್ಮಾನಿಸಿತ್ತು. ದೇಶದ ನಡುಭಾಗದಲ್ಲಿ ದಾಲಾರ್ನ ಎಂಬ ಪ್ರಾಂತ್ಯವಿದೆ. ಅಲ್ಲಿನ ಸಿಲ್ಯಾನ್ ಸರೋವರದ ದಂಡೆಯ ಊರು ಮೊರಾ. ಈ ಪ್ರಾಂತ್ಯದಲ್ಲಿ ಜಮೀನನ್ನು ಮಕ್ಕಳಿಗೆಲ್ಲ ಹಂಚುವ ಪದ್ಧತಿಯಿತ್ತು. ತಲೆಮಾರು ಕಳೆದಂತೆ ಹೊಲಗಳು ತುಂಡುತುಂಡಾದವು. ಬೇಸಾಯವನ್ನೇ ನಂಬಿದರೆ ಹೊಟ್ಟೆ ತುಂಬದು. ಕೆಲವರು ಕೂಲಿಗಾಗಿ ದೂರದ ಊರುಗಳಿಗೆ ವಲಸೆ ಹೋದರು. ಉಳಿದವರು ದೀರ್ಘ ಚಳಿಗಾಲದಲ್ಲಿ ಮನೆಯಲ್ಲೇ ಕುಳಿತು ಏನನ್ನಾದರೂ ಮಾಡಿ ಮಾರಬೇಕಿತ್ತು. ಹಳ್ಳಿಗೊಂದು ಕಸುಬು ಬೆಳೆದದ್ದು ಹೀಗೆ. ಮೊರಾ ಬಳಿಯ ಓಸ್ಟ್‌ನೂರ್ ಹಳ್ಳಿಯವರ ಕೈಗೆ ಲೋಹ ಒಲಿಯಿತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅವರು ಎತ್ತರದ ನಿಲುಗಡಿಯಾರಗಳನ್ನು ಮಾಡುತ್ತಿದ್ದರು. ಒಂದು ಮನೆಯಲ್ಲಿ ಹಲ್ಲಿನ ಚಕ್ರ, ಇನ್ನೊಂದರಲ್ಲಿ ಮುಳ್ಳು, ಹೀಗೆ ಕೆಲಸ ಹಂಚಿಕೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಗ್ಗದ ವಿದೇಶಿ ಗಡಿಯಾರಗಳು ಬಂದು ಈ ಕಸುಬು ಕುಸಿಯಿತು. ಪಳಗಿದ ಕೈಗಳು ಬೇರೆ ದಾರಿ ಹುಡುಕಿದವು. ಚಾಕು ಮಾಡುವುದು ಅಲ್ಲಿ ಅದಕ್ಕಿಂತ ಹಳೆಯ ವಿದ್ಯೆ.

1891ರಲ್ಲಿ ಈ ಹಳ್ಳಿಗೆ ಅಮೆರಿಕದ ಕಾಡುಗಳಲ್ಲಿ ದುಡಿದ ಒಬ್ಬಾತ ಮರಳಿ ಬಂದ. ಹೆಸರು ಫ್ರೋಸ್ಟ್-ಎರಿಕ್ ಎರ್ಸನ್. (ಫ್ರೋಸ್ಟ್ ಎಂಬುದು ಮನೆತನದ ಹೆಸರು. ದಾಲಾರ್ನದಲ್ಲಿ ಮನೆಯ ಹೆಸರನ್ನು ವ್ಯಕ್ತಿಯ ಹೆಸರಿನ ಮುಂದೆ ಸೇರಿಸುವ ರೂಢಿ ನಮ್ಮವರಿಗೆ ಅಪರಿಚಿತವೆನಿಸದು.) ಅವನು ಆರಂಭಿಸಿದ್ದು ಮರದ ದಿಮ್ಮಿಗಳನ್ನು ಹಿಮದ ಮೇಲೆ ಎಳೆಯುವ ಜಾರುಬಂಡಿಗಳ ಕಾರ್ಖಾನೆ. ಮರ ಕಡಿಯುವವರಿಗೆ, ದಿಮ್ಮಿ ಎಳೆಯುವವರಿಗೆ ಚಾಕು ಬೇಕಲ್ಲ. ಅದನ್ನು ಪಕ್ಕದ ಕಟ್ಟಡದಲ್ಲಿ ಮಾಡತೊಡಗಿದ. ಕೊನೆಗೆ ಹೆಸರುಳಿದದ್ದು ಚಾಕುವಿಗೆ. 1912ರಲ್ಲಿ ಅದೇ ಹಳ್ಳಿಯಲ್ಲಿ ಕ್ರೋಂಗ್-ಯೋಹಾನ್ ಎರಿಕ್ಸನ್ ಇನ್ನೊಂದು ಚಾಕು ಕಾರ್ಖಾನೆ ತೆರೆದ. ಕೊಳ್ಳುವವರು ರೈತರು, ಬಡಗಿಗಳು, ಮೀನುಗಾರರು, ಕಾಡಿನ ಕೂಲಿಗಳು. ಚಾಕುವಿನ ಬೆಲೆ ಅವರ ಜೇಬನ್ನು ಮೀರುವಂತಿರಲಿಲ್ಲ. ಕೆಲಸದಲ್ಲಿ ಕೈಕೊಟ್ಟರೆ ಮತ್ತೆ ಕೊಳ್ಳುವಂತೆಯೂ ಇರಲಿಲ್ಲ.

ಈ ಎರಡು ಒತ್ತಡಗಳ ನಡುವೆ ಮೊರಾ ಚಾಕುವಿನ ರೂಪ ತಯಾರಾಯಿತು. ಒಳ್ಳೆಯ ಉಕ್ಕು ದುಬಾರಿ. ಆದ್ದರಿಂದ ಮೆದು ಕಬ್ಬಿಣದ ಎರಡು ಪದರಗಳ ನಡುವೆ ಗಟ್ಟಿ ಉಕ್ಕಿನ ಒಂದು ಪದರವಿಟ್ಟು ಬೆಸೆಯುತ್ತಿದ್ದರು. ನಮ್ಮ ಹಳ್ಳಿಯ ಕಮ್ಮಾರ ಕಬ್ಬಿಣದ ಕೊಡಲಿಗೆ ಉಕ್ಕಿನ ಬಾಯಿ ಹಾಕಿಕೊಡುವುದರ ಹಿಂದಿರುವುದೂ ಇದೇ ಲೆಕ್ಕಾಚಾರ. ನಡುವಿನ ಉಕ್ಕು ಹರಿತ ಹಿಡಿಯುತ್ತದೆ; ಅಕ್ಕಪಕ್ಕದ ಮೆದು ಪದರ ಅಲಗು ಮುರಿಯದಂತೆ ಕಾಯುತ್ತದೆ. ಹಿಡಿಗೆ ಅಲ್ಲೇ ಬೆಳೆಯುವ ಬರ್ಚ್ ಮರ. ಅದರ ಮೇಲೆ ಕೆಂಪು ಬಣ್ಣ.

ಇನ್ನೊಂದು ಗುಟ್ಟು ಅಂಚಿನಲ್ಲಿದೆ. ಸಾಮಾನ್ಯ ಚಾಕುಗಳಲ್ಲಿ ಅಲಗಿನ ಇಳಿಜಾರು ಮುಗಿಯುವಲ್ಲಿ, ತೀರ ತುದಿಯಲ್ಲಿ, ಇನ್ನೊಂದು ಸಣ್ಣ ಇಳಿಜಾರು ಇರುತ್ತದೆ. ಸಾಣೆ ಹಿಡಿಯುವಾಗ ಆ ಕೋನವನ್ನು ಕೈಯಂದಾಜಿನಲ್ಲೇ ಕಾಯ್ದುಕೊಳ್ಳಬೇಕು. ಹೊಸಬರಿಗೆ ಅದು ಕಷ್ಟ. ಮೊರಾ ಚಾಕುವಿನಲ್ಲಿ ಇರುವುದು ಎರಡೂ ಬದಿಗೆ ಒಂದೊಂದೇ ಅಗಲವಾದ ಸಮತಟ್ಟು ಇಳಿಜಾರು. ಅದನ್ನು ಸಾಣೆಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟರೆ ಕೋನ ತಾನಾಗಿ ಸರಿಹೋಗುತ್ತದೆ. ಹತ್ತು ವರ್ಷದ ಹುಡುಗನೂ ಹರಿತ ಮಾಡಿಕೊಳ್ಳಬಲ್ಲ ಚಾಕು ಇದು. ಇದು ಬರಿಯ ಮಾತಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಓಟ್ಟೊ ಸಾಲೊಮನ್ ಎಂಬ ಶಿಕ್ಷಣತಜ್ಞ ‘ಸ್ಲಾಯ್ಡ್’ ಎಂಬ ಕರಕುಶಲ ಶಿಕ್ಷಣವನ್ನು ರೂಪಿಸಿದಾಗ ಮಗುವಿನ ಕೈಗೆ ಮೊದಲು ಕೊಟ್ಟ ಹತ್ಯಾರು ಚಾಕುವೇ. ಸ್ವೀಡನ್ನಿನ ಶಾಲೆಗಳಲ್ಲಿ ಕರಕುಶಲ ಇಂದಿಗೂ ಕಡ್ಡಾಯ ವಿಷಯ.

ಹಳ್ಳಿಯ ಈ ಉಪಕರಣ ಹವ್ಯಾಸಿಗಳ ಲೋಕಕ್ಕೆ ಬಂದದ್ದು ತಡವಾಗಿ. 1982ರಲ್ಲಿ ತೆರೆಕಂಡ ಮೊದಲ ‘ರ‍್ಯಾಂಬೊ’ ಚಿತ್ರದ ನಾಯಕನ ಚಾಕುವಿಗೆ ಟೊಳ್ಳು ಹಿಡಿಯಿತ್ತು. ಅದರೊಳಗೆ ಬೆಂಕಿಕಡ್ಡಿ, ಸೂಜಿದಾರ ಇಡಬಹುದಿತ್ತು. ಚಿತ್ರಕ್ಕೆ ಅದನ್ನು ಮಾಡಿಕೊಟ್ಟವನು ನುರಿತ ಕುಶಲಕರ್ಮಿ. ಆದರೆ ಅದರ ಅಗ್ಗದ ನಕಲುಗಳು ಮಾರುಕಟ್ಟೆಯನ್ನು ತುಂಬಿದವು. ಅಲಗು ಟೊಳ್ಳು ಹಿಡಿಗೆ ಸೇರುವ ಜಾಗದಲ್ಲಿ ಹಿಡಿತವೇ ಇಲ್ಲದ ಇವು ನಾಲ್ಕು ಏಟಿಗೆ ಕಳಚಿಕೊಳ್ಳುವಂಥವು. ಅಗ್ಗದ ಚಾಕುವೆಂದರೆ ಮೋಸ ಎಂಬ ಭಾವನೆ ಬೇರೂರಲು ಇವುಗಳ ಕೊಡುಗೆ ದೊಡ್ಡದು. ನಿಜವಾಗಿ ನೋಡಿದರೆ ಇಲ್ಲಿ ಮೋಸವಿದ್ದದ್ದು ಬೆಲೆಯಲ್ಲಲ್ಲ, ವೇಷದಲ್ಲಿ.

ಅದೇ ದಶಕದಲ್ಲಿ ಕೆನಡಾದ ಮೋರ್ಸ್ ಕೊಚಾನ್ಸ್‌ಕಿ ಉತ್ತರದ ಕಾಡುಗಳ ಬದುಕಿನ ಬಗ್ಗೆ ತನ್ನ ಪ್ರಸಿದ್ಧ ಪುಸ್ತಕ ಬರೆದ. ಹಿಮಗಾಡಿನಲ್ಲಿ ವಿದ್ಯಾರ್ಥಿಗಳನ್ನು ತಿದ್ದುತ್ತಿದ್ದ ಈತ 2019ರಲ್ಲಿ ತೀರಿಕೊಳ್ಳುವವರೆಗೂ ಅಗ್ಗದ ಮೊರಾ ಚಾಕುವಿನ ಪಕ್ಷಪಾತಿ. ಇತ್ತ ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ರೇ ಮಿಯರ್ಸ್ ದೂರದರ್ಶನದ ಮೂಲಕ ಕಾಡುವಿದ್ಯೆಯನ್ನು ಮನೆಮಾತಾಗಿಸಿದ. ಅವನು ರೂಪಿಸಿದ ಚಾಕು ಕೈಯಿಂದಲೇ ಮಾಡಿದ್ದು. ಬೆಲೆ ನೂರಾರು ಪೌಂಡು, ಸರದಿಯಲ್ಲಿ ಬಹುಕಾಲ ಕಾಯಬೇಕು. ಆದರೆ ಅದರ ಅಂಚಿನ ಇಳಿಜಾರು ಮೊರಾ ಚಾಕುವಿನದೇ ಬಗೆಯದು! ಅಂಚಿನ ಆ ಗುಣ ಬೇಕಾದವರು ನೂರಾರು ಪೌಂಡು ತೆರಬೇಕಾಗಿರಲಿಲ್ಲ.

ಹಾಗಾದರೆ ಬೆಲೆ ಹೆಚ್ಚಾದಂತೆ ಸಿಗುವುದೇನು? ಮುಖ್ಯವಾಗಿ ಹಿಡಿಯೊಳಗಿನ ಉಕ್ಕು. ಅಲಗಿನ ಹಿಂಭಾಗ ಬಾಲದಂತೆ ಕಿರಿದಾಗಿ ಹಿಡಿಯೊಳಗೆ ಸೇರಿಕೊಂಡಿರುತ್ತದೆ. ಅಗ್ಗದ ಮೊರಾ ಚಾಕುಗಳಲ್ಲಿ ಈ ಬಾಲ ಸಣ್ಣದು. ಎಷ್ಟೋ ಬಾರಿ ಹಿಡಿಯ ಕೊನೆಯನ್ನೂ ಮುಟ್ಟುವುದಿಲ್ಲ. ದುಬಾರಿ ಚಾಕುಗಳಲ್ಲಿ ಅಲಗು ಅಷ್ಟೇ ಅಗಲವಾಗಿ ಹಿಡಿಯ ತುದಿಯವರೆಗೂ ಸಾಗುತ್ತದೆ. ಮಳೆಯಲ್ಲಿ ನೆನೆದ ಕೊರಡಿನ ಒಳತಿರುಳು ಒಣಗಿರುತ್ತದೆ. ಅದನ್ನು ತೆಗೆಯಲು ಚಾಕುವನ್ನು ಕೊರಡಿನ ತಲೆಯ ಮೇಲಿಟ್ಟು, ಅದರ ಬೆನ್ನಿಗೆ ದೊಣ್ಣೆಯಿಂದ ಬಡಿದು ಸೀಳುವ ಕ್ರಮವೊಂದಿದೆ. ದಪ್ಪ ಕೊರಡನ್ನು ದಿನವೂ ಹೀಗೆ ಸೀಳುವುದಾದರೆ ಪೂರ್ಣ ಬಾಲದ ಚಾಕು ಬೇಕು, ನಿಜ. ಆದರೆ ನೆಸ್ಮಕ್ ಇದ್ದಿದ್ದರೆ ಕೊಡಲಿ ಎಲ್ಲಿ ಎಂದು ಕೇಳುತ್ತಿದ್ದ. ಮಣಿಕಟ್ಟಿನ ಗಾತ್ರದ ಕಡ್ಡಿ ಸೀಳಲು, ಹಗ್ಗ ಕೊಯ್ಯಲು, ಮೀನು ಶುದ್ಧ ಮಾಡಲು, ತರಕಾರಿ ಹೆಚ್ಚಲು ಸಣ್ಣ ಬಾಲವೇ ಧಾರಾಳ.

ಉಕ್ಕಿನ ಆಯ್ಕೆಯಲ್ಲೂ ಹಣಕ್ಕಿಂತ ಹವೆ ಮುಖ್ಯ. ಸಾದಾ ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ. ಅಷ್ಟೇ ಬೇಗ ತುಕ್ಕೂ ಹಿಡಿಯುತ್ತದೆ. ಸ್ವೀಡನ್ನಿನ ಒಣ ಚಳಿಯಲ್ಲಿ ಅದು ಸರಿ. ಆಗುಂಬೆಯ ಆಷಾಢದಲ್ಲಿ ದಿನವೂ ಒರೆಸಿ ಎಣ್ಣೆ ಸವರುವ ತಾಳ್ಮೆಯಿಲ್ಲದವರಿಗೆ ತುಕ್ಕು ಹಿಡಿಯದ ಉಕ್ಕೇ ವಾಸಿ. ಹಾಗೆ ನೋಡಿದರೆ ಮಲೆನಾಡಿನಲ್ಲಿ ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವವರಿಗೆ ಸ್ವೀಡನ್ನಿನ ಚಾಕು ಬೇಕಾಗಿಯೇ ಇಲ್ಲ. ಬಳ್ಳಿ, ಪೊದೆ ಸವರಿ ದಾರಿ ಮಾಡಿಕೊಳ್ಳಬೇಕಾದ ಕಾಡಿಗೆ ಕತ್ತಿಯೇ ತಕ್ಕದ್ದು. ಮೊರಾದ್ದು ಕೊಡಲಿಯ ಜೊತೆ ನಡೆಯುವ ಸೂಚಿಪರ್ಣಿ ಕಾಡಿನ ಚಾಕು. ಕಾನೂನಿನ ಮಾತೂ ಒಂದಿದೆ. ಭಾರತದ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗು, ಮನೆಬಳಕೆ, ಬೇಸಾಯದಂಥ ಕೆಲಸಗಳಿಗೆಂದು ಮಾಡಿದ್ದಲ್ಲದಿದ್ದರೆ, ಆಯುಧವೆನಿಸುತ್ತದೆ. ಬೋವಿಯ ಅಭಿಮಾನಿಗಳು ಇದನ್ನು ನೆನಪಿಡುವುದು ಒಳ್ಳೆಯದು.

ಓಸ್ಟ್‌ನೂರಿನ ಎರಡು ಹಳೆಯ ಕಾರ್ಖಾನೆಗಳು 2005ರಲ್ಲಿ ಒಂದಾದವು. ಹವ್ಯಾಸಿಗಳ ಬಹುದಿನದ ಒತ್ತಾಯಕ್ಕೆ ಮಣಿದು ಕಂಪನಿ 2016ರಲ್ಲಿ ಪೂರ್ಣ ಬಾಲದ ‘ಗಾರ್ಬರ್ಗ್’ ಚಾಕುವನ್ನು ಮಾರುಕಟ್ಟೆಗೆ ಬಿಟ್ಟಿತು. ಬೆಲೆ ಸಾದಾ ಮೊರಾ ಚಾಕುವಿನ ಹಲವು ಪಟ್ಟು. ಕೆಂಪು ಹಿಡಿಯ ಹಳೆಯ ಚಾಕುವನ್ನು ಮಾಡುವುದನ್ನು ಮಾತ್ರ ಅದಕ್ಕಾಗಿ ನಿಲ್ಲಿಸಲಿಲ್ಲ.